ಅಫ್ರೊಡೈಟಿ ಅಪಹರಣ

ಕತ್ತರಿ ನನ್ನ ಗಂಟಲಿಗೆ ಒತ್ತಿತ್ತು!

ಗಿಡ ಸವರುವ ಕತ್ತರಿ. ಹಿಡಿದವನು ಹಲ್ಲಿನ ಡಾಕ್ಟರ ಡ್ರೈವರ್. ಬಾಗಿಲಷ್ಟು ಅಗಲದ ಆಳು. ಉಸಿರಲ್ಲಿ ಈರುಳ್ಳಿ ವಾಸನೆ.

"ಕಾಂಪೌಂಡ್ ಹಾರಿ ಬಂದಿದ್ದೀಯ. ಏನು ಬೇಕು?" ಡಾಕ್ಟರು ಕೇಳಿದರು.

"ಹಲ್ಲುನೋವು ಸಾರ್..."

ಕತ್ತರಿ ಇನ್ನಷ್ಟು ಒತ್ತಿತು. ಜೋಕು ಅರ್ಥವಾಗದ ಜನ!

"ನರ್ಸಕ್ಕನ ಆರ್ಕಿಡ್ ಬೇಕು" ಎಂದೆ.

ನಡೆದದ್ದು ಇಷ್ಟು. ನರ್ಸಕ್ಕ ನಮ್ಮ ಪಕ್ಕದ ಮನೆಯ ನಿವೃತ್ತ ನರ್ಸ್. ಅವರ ಗಂಡ ಬೆರಳುದ್ದದ ಸಸಿಯಿಂದ ಸಾಕಿದ್ದ ಗಿಡ, ಆತ ತೀರಿಕೊಂಡ ಮೇಲೆ ಮೊದಲ ಸಲ ಹೂ ಬಿಟ್ಟಿತ್ತು. ಅಫ್ರೊಡೈಟಿ ಎಂಬ ಜಾತಿಯ ಆರ್ಕಿಡ್. ಗಂಡನ ಗೆಳೆಯ, ಆರ್ಕಿಡ್ ಕ್ಲಬ್ಬಿನ ಅಧ್ಯಕ್ಷರಾದ ಈ ಡಾಕ್ಟರು ಸಮಾಧಾನ ಹೇಳಲು ಬಂದರು. ಹೋದ ಮೇಲೆ ನೋಡಿದರೆ ಗಿಡವಿದ್ದ ಕಿಟಕಿ ಖಾಲಿ! ಎಂಥ ಸಮಾಧಾನ ನೋಡಿ!

"ಅವರು ಬಿಟ್ಟು ಹೋಗಿದ್ದು ಅದೊಂದೇ ಜೀವ ತಮ್ಮಾ" ಎಂದು ನರ್ಸಕ್ಕ ಅತ್ತಿದ್ದರು. ನಾನು ನೇರ ಬಂದು ಡಾಕ್ಟರ ಕಾಂಪೌಂಡ್ ಹಾರಿದ್ದೆ.

"ಹುಡುಕ್ಕೋ!" ಡಾಕ್ಟರು ನಕ್ಕರು. "ಇಲ್ಲಿರೋದೆಲ್ಲಾ ಅಮಾಬಿಲಿಸ್, ಬೇರೆ ಜಾತಿ. ನಾನೇ ಬೆಳೆಸಿದ್ದು. ಅಫ್ರೊಡೈಟಿ ನನ್ನ ಹತ್ರ ಒಂದೂ ಇಲ್ಲ."

ಗಾಜಿನ ಮನೆ ತುಂಬಾ ಬಿಳಿ ಹೂ. ಎಲ್ಲಾ ಒಂದೇ ಅಚ್ಚು. ನನಗೋ ಗುಲಾಬಿಗೂ ದಾಸವಾಳಕ್ಕೂ ವ್ಯತ್ಯಾಸ ಹೇಳುವುದೇ ಕಷ್ಟ!

ಆದರೆ ಒಂದು ಕುಂಡಕ್ಕೂ ಲೇಬಲ್ ಇರಲಿಲ್ಲ. ಕದ್ದ ಗಿಡಕ್ಕೆ ಸುಳ್ಳು ಹೆಸರು ಬರೆದಿದ್ದರೆ ಕೆಲಸ ಮುಗಿಯುತ್ತಿತ್ತು. ಮನಸ್ಸು ಬಂದಿಲ್ಲ. ಅದೊಂದೇ ಎದ್ದು ಕಾಣದಿರಲಿ ಎಂದು ಉಳಿದ ಲೇಬಲ್ಲುಗಳನ್ನೂ ಕಿತ್ತುಹಾಕಿದ್ದರು. ಕಳ್ಳತನಕ್ಕೆ ಅಂಜದ ಮಹಾನುಭಾವರು ತಪ್ಪು ಲೇಬಲ್ಲಿಗೆ ಅಂಜಿದ್ದರು!

ಮೇಜಿನ ಮೇಲೆ ಖಾಲಿ ಪ್ಲಾಸ್ಟಿಕ್ ಪಟ್ಟಿಗಳು. ಪಕ್ಕದಲ್ಲಿ ಪೆನ್ಸಿಲ್.

"ಪಾಪ, ಹೆಸರಿಲ್ದೆ ಅನಾಥವಾಗಿವೆ ಸಾರ್. ಬರೆದು ಕೊಡ್ಲಾ? ಎಲ್ಲಾ ಅಮಾಬಿಲಿಸ್ ತಾನೇ?"

"ಬರಿ, ಬರಿ!" ಡಾಕ್ಟರಿಗೆ ಪುಕ್ಕಟೆ ಮನರಂಜನೆ. ಕತ್ತರಿ ಕೆಳಗಿಳಿಯಿತು.

ಬರೆದೆ. ಚುಚ್ಚಿದೆ. ಬರೆದೆ. ಚುಚ್ಚಿದೆ. ಡಾಕ್ಟರು ನಗುತ್ತಲೇ ಇದ್ದರು.

ಮೂಲೆಯ ಕುಂಡಕ್ಕೆ ಬಂದೆ. ನಗು ನಿಂತಿತು!

ಬರೆದೆ: ಅಮಾಬಿಲಿಸ್. ಚುಚ್ಚಿದೆ.

ಡಾಕ್ಟರು ಹಲ್ಲು ಕಚ್ಚಿದರು. ಬೆವರಿದರು. ಪಾಪ, ಎಷ್ಟು ಹೊತ್ತು ತಡೆದುಕೊಂಡಾರು...

"ತೆಗಿಯೋ ಅದನ್ನ!" ಕಿರುಚಿದರು. "ಕುರುಡಾ! ತುಟಿ ನೋಡೋ, ಈ ಕೆಳಗಿನ ಎಸಳು! ಅಮಾಬಿಲಿಸ್‌ಗೆ ಶಿಲುಬೆ ಥರ ಇರತ್ತೆ. ಇದು ತ್ರಿಕೋನ! ಇದು ಅಫ್ರೊ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಕುಂಬಳಕಾಯಿಯನ್ನೇ ಎತ್ತಿ ಕೈಗೆ ಕೊಟ್ಟಿದ್ದರು!

"ಹಿಡಿಯೋ ಅವನನ್ನ!"

ಕುಂಡ ಎತ್ತಿಕೊಂಡೆ. ಕಲ್ಲುನೆಲದ ಮೇಲೆ ತೋಳು ಚಾಚಿದೆ.

"ಹತ್ರ ಬಂದ್ರೆ ಕೈ ಬಿಡ್ತೀನಿ!"

"ಬೇಡ! ಹೂವಿಗೆ ಏಟಾಗತ್ತೆ! ದಾರಿ ಬಿಡೋ ಅವನಿಗೆ!"

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಹಿಂದೆ ಕತ್ತರಿ ಹಿಡಿದ ಡ್ರೈವರ್. ಅವನ ಹಿಂದೆ ಡಾಕ್ಟರು... "ನಿಧಾನ ಕಣೋ, ಎಡವಬೇಡ!" ಅದು ನನ್ನ ಮೇಲಿನ ಕಾಳಜಿಯಲ್ಲ ಬಿಡಿ.

ಗಿಡ ಕಿಟಕಿಗೆ ಮರಳಿತು. ನರ್ಸಕ್ಕ ಕುಂಡ ತಬ್ಬಿಕೊಂಡು ಅತ್ತೇ ಅತ್ತರು.

ಅಷ್ಟರಲ್ಲಿ ನರ್ಸಕ್ಕನ ಫೋನ್. ನಾನೇ ಎತ್ತಿದೆ. ಡಾಕ್ಟರು! ಬೆದರಿಕೆ ಇರಬೇಕು ಅಂದುಕೊಂಡೆ.

"ಆ ಲೇಬಲ್... ಇನ್ನೂ ಅಮಾಬಿಲಿಸ್ ಅಂತಲೇ ಇದೆಯಾ? ಅಳಿಸಿಬಿಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ!"

ನರ್ಸಕ್ಕ ಕಣ್ಣೊರೆಸಿಕೊಂಡರು. ಫೋನ್ ಕಿತ್ತುಕೊಂಡರು.

"ಸ್ಟೇಷನ್ನಿಗೆ ಹೋಗಿ ಕದ್ದಿದ್ದು ಒಪ್ಕೊಳ್ಳಿ ಡಾಕ್ಟ್ರೇ. ಅಲ್ಲೀವರೆಗೂ ಅದು ಅಮಾಬಿಲಿಸ್ಸೇ!"

ಸಂಜೆ ಸ್ಟೇಷನ್ನಿನಿಂದ ಕರೆ ಬಂತು. ಡಾಕ್ಟರು ತಾವಾಗಿಯೇ ಬಂದು ಶರಣಾಗಿದ್ದಾರಂತೆ... ಕೈಯಲ್ಲಿ ರಬ್ಬರ್ ಹಿಡಿದುಕೊಂಡು!