ಕೈ ಇಡುವ ಮೊದಲು

ಮುಚ್ಚಿದ ಬಾಗಿಲಿನ ಆಚೆಯಿಂದ ಬಂದ ಆ ನಗು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಟೈಲರ್ ಆಂಟಿಯ ನಗು.

ಮೂರು ತಿಂಗಳಿಂದ ಅವಳ ಹತ್ತಿರವೇ ಕತ್ತು ನೋವಿಗೆ ಬರುತ್ತಿದ್ದ, "ಪುಟ್ಟ ಡಾಕ್ಟ್ರೇ, ನೀವು ಬಿಟ್ರೆ ನನ್ನ ಕತ್ತು ಯಾರ ಮಾತೂ ಕೇಳಲ್ಲ" ಎನ್ನುತ್ತಿದ್ದ ಆಂಟಿ ಇಂದು ಅವಳ ಜೊತೆ ಕೆಲಸ ಮಾಡುವವನ ಕೋಣೆಯಲ್ಲಿದ್ದರು.

ಅವಳು ಅಪಾಯಿಂಟ್‌ಮೆಂಟ್ ಪುಸ್ತಕ ತೆರೆದಳು. ಈ ವಾರ ಅವಳ ಸಾಲಿನಲ್ಲಿದ್ದ ಆರು ಹೆಸರುಗಳ ಮೇಲೂ ಗೆರೆ. ಆರೂ ಪಕ್ಕದ ಸಾಲಿಗೆ ಹೋಗಿದ್ದವು. ಬರಹ ಅವನದೇ.

ಅವಳು ಪುಸ್ತಕ ಮುಚ್ಚಿದಳು.

ಬೆನ್ನು, ಕತ್ತಿನ ಕೀಲುಗಳನ್ನು ಕೈಯಿಂದಲೇ ಸರಿಪಡಿಸುವ ಈ ಕೈರೋಪ್ರಾಕ್ಟಿಕ್ ಕ್ಲಿನಿಕ್‌ಗೆ ಅವಳು ಸೇರಿ ಐದು ತಿಂಗಳು. ಕೈಗೆ ಕೆಲಸ ಬರುತ್ತಿತ್ತು, ಬಾಯಿಗೆ ಮಾತು ಬರುತ್ತಿರಲಿಲ್ಲ. "ಚಿಕಿತ್ಸೆ ಅರ್ಧ, ಮಾತು ಅರ್ಧ. ಒಮ್ಮೆ ಬಂದವರು ಮತ್ತೆ ಬರಬೇಕು," ಎಂದಿದ್ದರು ಕ್ಲಿನಿಕ್ ನಡೆಸುವ ದೊಡ್ಡ ಮೇಡಂ. ತಿಂಗಳ ಕೊನೆಯೊಳಗೆ ಹಾಗೆ ಮತ್ತೆ ಬರುವವರು ಇಪ್ಪತ್ತು ಮಂದಿಯಾದರೆ ಕೆಲಸ ಕಾಯಂ. ಇಲ್ಲವಾದರೆ ಅವಳು ಬೇರೆ ಕಡೆ ನೋಡಿಕೊಳ್ಳಬೇಕು.

ಮಾತು ಕಲಿಸಿದ್ದು ಅವನೇ. ಎರಡು ವರ್ಷ ಮೊದಲೇ ಇಲ್ಲಿಗೆ ಸೇರಿದವನು. ಸಂಜೆ ರೋಗಿಯಂತೆ ಮುಖ ಗಂಟು ಹಾಕಿಕೊಂಡು ಕುಳಿತು, "ನಂಗೆ ಇದರಲ್ಲೆಲ್ಲಾ ನಂಬಿಕೆ ಇಲ್ಲ ಕಣಮ್ಮಾ," ಎಂದು ಗೊಣಗಿ ಅವಳನ್ನು ನಗಿಸಿ, ಮಾತಾಡಿಸಿದವನು. ಕ್ಲಿನಿಕ್‌ನ ಮೊದಲ ಪಾಠವನ್ನೂ ಅವನೇ ಹೇಳಿಕೊಟ್ಟಿದ್ದ. ಯಾರ ಮೈ ಮುಟ್ಟುವ ಮೊದಲೂ "ಕೈ ಇಡಲಾ?" ಎಂದು ಕೇಳಬೇಕು. ನೂರನೇ ಸಲ ಬಂದವರನ್ನೂ.

ಅಂಥವನು... ಹತ್ತೊಂಬತ್ತಕ್ಕೆ ಬಂದು ನಿಂತಿದ್ದ ಅವಳ ಪಟ್ಟಿಯಿಂದ ಆರು ಮಂದಿಯನ್ನು ಎತ್ತಿಕೊಂಡಿದ್ದ.

ಬಾಗಿಲು ತೆರೆಯಿತು.

"ಬಂದ್ರಾ ಪುಟ್ಟ ಡಾಕ್ಟ್ರೇ? ಹೆಬ್ಬೆರಳು ಹೇಗಿದೆ ಈಗ?"

ಅವಳು ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. "ಯಾರು ಹೇಳಿದ್ರು ಆಂಟಿ?"

"ಅದೇ, ಉದ್ದಕ್ಕೆ ಇದಾರಲ್ಲ, ನಮ್ಮ ಏಣಿ ಡಾಕ್ಟ್ರು. ನಿಮ್ಮನ್ನ ಬಿಟ್ಟು ಯಾರ ಹತ್ರಾನೂ ಹೋಗಲ್ಲ ಅಂತ ಹಟ ಮಾಡ್ದೆ ನೋಡಿ, ಆಮೇಲೆ ಬಾಯಿ ಬಿಟ್ರು. ನಾನೂ ಕತ್ತರಿ ಹಿಡಿಯೋಳು ತಾಯಿ. ಜೋಪಾನ."

ಎರಡು ತಿಂಗಳಿಂದ ಅಮ್ಮನಿಗೂ ಹೇಳದೆ ನುಂಗಿಕೊಂಡ ನೋವು ಅದು. ಕೈಯೇ ಬಂಡವಾಳವಾದ ಕಸುಬಿನಲ್ಲಿ ಕೈ ಕೆಟ್ಟಿದೆ ಎಂದು ಒಬ್ಬರಿಗೆ ತಿಳಿದರೂ ಸಾಕು...

ಆಂಟಿ ಹೋದ ಮೇಲೆ ಅವಳು ಅವನ ಬಾಗಿಲಲ್ಲಿ ನಿಂತಳು. ನಾಲಿಗೆ ತಡವರಿಸುತ್ತದೆ ಎಂದುಕೊಂಡಿದ್ದಳು. ತಡವರಿಸಲಿಲ್ಲ.

"ನನ್ನ ರೋಗಿಗಳನ್ನ ತಗೊಂಡ್ರಿ, ಸರಿ. ನನ್ನ ಕೈನ ಯಾಕೆ ಬೀದಿಗೆ ತಂದ್ರಿ?"

ಅವನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. "ಅವರೊಬ್ಬರಿಗೇ ಹೇಳಿದ್ದು..."

"ಒಬ್ಬರೇ ಸಾಕು."

ಅವನು ಮೇಜಿನ ಮೇಲಿದ್ದ ಆರು ಫೈಲುಗಳನ್ನು ಅವಳತ್ತ ತಿರುಗಿಸಿದ. ಪ್ರತಿಯೊಂದರಲ್ಲೂ ಚಿಕಿತ್ಸಕರ ಹೆಸರಿನ ಜಾಗದಲ್ಲಿ ಅವಳ ಹೆಸರೇ. ಕೆಳಗೆ ಸಣ್ಣದಾಗಿ: 'ಅವರು ಬರೆದಿಟ್ಟ ಕ್ರಮದಂತೆಯೇ ಮಾಡುವುದು. ಎರಡು ವಾರದ ನಂತರ ಅವರಿಗೇ ಒಪ್ಪಿಸುವುದು.' ದೊಡ್ಡ ಮೇಡಂ ಎಣಿಸುವುದು ಈ ಫೈಲುಗಳನ್ನೇ.

"ನಿಮ್ಮ ಅಕ್ಷರ ನೋಡ್ತಾನೇ ಇದೀನಿ. ದಿನಾ ಓರೆಯಾಗ್ತಾ ಬಂತು. ನೀರಿನ ಬಾಟಲಿ ಮುಚ್ಚಳ ಹಲ್ಲಲ್ಲಿ ತೆಗೀತೀರಿ. ನಿಮ್ಮ ಕೋಣೆ ಟೇಬಲ್ ನನ್ನ ಎತ್ತರಕ್ಕೆ ಮಾಡಿಸಿದ್ದು. ಮೈಭಾರ ಹಾಕಿ ಒತ್ತೋಕೆ ಆಗಲ್ಲ ನಿಮಗೆ, ಎಲ್ಲಾ ಹೆಬ್ಬೆರಳ ಮೇಲೇ. ಇನ್ನೊಂದು ತಿಂಗಳು ಹೀಗೇ ಆದ್ರೆ ಆ ಕೈ..."

"ನನ್ನ ಕೈ."

"ಹೂಂ."

"ಹಾಗಾದ್ರೆ ನನ್ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಅದಕ್ಕೇ ಕೇಳ್ಬೇಕಿತ್ತು."



ಒಳ್ಳೆಯದಕ್ಕೇ ಮಾಡಿದ್ದಾನೆ... ಆದರೂ ಯಾಕೆ ಇಷ್ಟು ಉರಿಯುತ್ತಿದೆ? ಎಲ್ಲರನ್ನೂ ಕೇಳುವವನು ನನ್ನೊಬ್ಬಳನ್ನು ಮಾತ್ರ ಕೇಳಲಿಲ್ಲವಲ್ಲ, ಅದಕ್ಕೆ. ಅವಳು ಫೈಲುಗಳನ್ನು ಎತ್ತಿಕೊಂಡು ನೇರವಾಗಿ ದೊಡ್ಡ ಮೇಡಂ ಕೋಣೆಗೆ ನಡೆದಳು.

"ಮೇಡಂ, ನನ್ನ ಹೆಬ್ಬೆರಳು ಕೆಟ್ಟಿದೆ. ಎರಡು ವಾರ ಯಾರಿಗೂ ಚಿಕಿತ್ಸೆ ಕೊಡಲ್ಲ. ಈ ಆರು ಜನರನ್ನ ಈಗ ನೋಡ್ತಿರೋರ ಪಟ್ಟಿಗೇ ಹಾಕಿ. ನನಗೆ ಇನ್ನೊಂದು ತಿಂಗಳು ಕೊಡಿ, ಇಪ್ಪತ್ತು ಮಂದೀನ ನಾನೇ ತರ್ತೀನಿ."

ಮೇಡಂ ತಮ್ಮ ಬಲಗೈ ಎತ್ತಿ ತೋರಿಸಿದರು. ಹೆಬ್ಬೆರಳು ಬುಡದಲ್ಲೇ ಸೊಟ್ಟಗಿತ್ತು.

"ನಿನ್ನ ವಯಸ್ಸಲ್ಲಿ ನಾನು ಬಾಯಿ ಬಿಡದೆ ಇದ್ದಿದ್ದಕ್ಕೆ ಇದು. ತಿಂಗಳು ತಗೋ. ನಿನ್ನ ಕೋಣೆ ಟೇಬಲ್ ನಿನಗೆ ಎತ್ತರ, ಕಾಲು ತುಂಡು ಮಾಡ್ಸು. ಮತ್ತೆ, ಐದು ತಿಂಗಳಲ್ಲಿ ಇಷ್ಟು ಮಾತು ಇವತ್ತೇ ಕೇಳಿದ್ದು ನಾನು."

ಸಂಜೆ ಅವಳು ಚೀಲ ತೆಗೆದುಕೊಳ್ಳಲು ತನ್ನ ಕೋಣೆಗೆ ಬಂದಾಗ ಅವನು ಗರಗಸ ಹಿಡಿದು ಟೇಬಲ್ ಪಕ್ಕ ನೆಲದ ಮೇಲೆ ಕುಳಿತಿದ್ದ. ಇನ್ನೂ ಕೊಯ್ದಿರಲಿಲ್ಲ.

"ಮೇಡಂ ಕಳಿಸಿದ್ರು. ಎಷ್ಟು ಕೊಯ್ಯಲಿ? ನಿಮ್ಮನ್ನ ಕೇಳಿಯೇ..."

ನಗು ಬಂತು. ತುಟಿ ಕಚ್ಚಿ ತಡೆದಳು. ಟೇಬಲ್ ಪಕ್ಕ ನೇರವಾಗಿ ನಿಂತು ಕೈ ಇಳಿಬಿಟ್ಟಳು. ಬೆರಳ ಗೆಣ್ಣಿನ ಎತ್ತರಕ್ಕೂ ಟೇಬಲ್‌ನ ಎತ್ತರಕ್ಕೂ ಇದ್ದ ಅಂತರವನ್ನು ಅವನು ಅಳೆದು, ಕಾಲಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ. ಒಂದು ಗೇಣಿಗೂ ಹೆಚ್ಚಿತ್ತು.

"ಒಂದು ಮಾತು ಹೇಳ್ಲಾ?" ಅವನು ಎದ್ದು ನಿಂತ. "ನಿಮ್ಮ ಕೈಗಾಗಿ ಮಾಡ್ದೆ ಅಂದ್ರೆ ಅರ್ಧ ಸುಳ್ಳು. ಆ ಕೈ ಹೋದ್ರೆ ನೀವು ಇಲ್ಲಿಂದ ಹೋಗಿಬಿಡ್ತೀರಿ ಅನ್ನೋ ಭಯ. ನೀವಿಲ್ಲದ ಕ್ಲಿನಿಕ್‌ಗೆ ಬೆಳಗ್ಗೆ ಎದ್ದು ಬರೋಕೆ ನನಗೆ ಮನಸ್ಸಿಲ್ಲ. ಅದನ್ನ ಹೇಳೋ ಧೈರ್ಯ ಇರ್ಲಿಲ್ಲ, ಗೆರೆ ಎಳೆದೆ. ತಪ್ಪು ನನ್ನದೇ."

ಐದು ತಿಂಗಳು ದಿನಾ ಅವಳಿಗೆ ಮಾತು ಕಲಿಸಿದವನು ಗರಗಸವನ್ನು ಟೇಬಲ್ ಮೇಲಿಟ್ಟ.

ಅವನು ಅಂಗೈ ಚಾಚಿದ. ಮುಟ್ಟಲಿಲ್ಲ.

"ಕೈ ಇಡಲಾ?"

ಅವಳು ಆ ಅಂಗೈಯನ್ನು ನೋಡಿದಳು.

"ಕೋಪ ಇನ್ನೂ ಇದೆ."

"ಇರಲಿ."

"ನೋವೂ ಇದೆ."

"ಎಲ್ಲಿ?"

ಬೆಳಗ್ಗೆ ಆಂಟಿಗೆ ಕಾಣದಂತೆ ಬೆನ್ನ ಹಿಂದೆ ಬಚ್ಚಿಟ್ಟಿದ್ದ ಕೈಯನ್ನು ಅವಳು ತಾನೇ ಅವನ ಅಂಗೈಯಲ್ಲಿಟ್ಟಳು.

"ಇಲ್ಲಿಂದ ಶುರು ಮಾಡಿ," ಎಂದಳು. "ಮೆಲ್ಲಗೆ."