ಇಲ್ಲದ ಬಿಳಿ ಕ್ಯಾನು

ಲಾಂಚು ಮರಳಿಗೆ ಹತ್ತಿದಾಗ ವರ್ಲೀಗೆ ಮೊದಲು ಕೇಳಿಸಿದ್ದು ತಳ ಉಜ್ಜಿದ ಸದ್ದಲ್ಲ, ಒಡೆಸಾ ಅತ್ತೆಯ ಕೂಗು.

"ಅಯ್ಯೋ, ನನ್ನ ಕೇಕು!"

ಆಚೆ ದಡದ ಮದುವೆಗೆಂದು ಒಡೆಸಾ ಅತ್ತೆ ನಿದ್ದೆಗೆಟ್ಟು ಮಾಡಿದ ಮೂರು ಅಂತಸ್ತಿನ ಕೇಕು ಲಾಂಚಿನ ಮೇಲೆ ನಿಂತಿದ್ದ ಪಿಕಪ್ಪಿನ ಹಿಂಬದಿಯಲ್ಲಿತ್ತು. ಜುಲೈ ತಿಂಗಳ ಸುಡುಬಿಸಿಲು. ಮೇಲಿನ ಅಂತಸ್ತು ನಿಧಾನವಾಗಿ ಕೆಳಗಿನದರ ಮಡಿಲಿಗೆ ಜಾರಿ ಕೂತಿತು. ಕೋಟು ಹಾಕಿಕೊಂಡ ಮದುವೆ ಜನ ನಡುಹೊಳೆಯಲ್ಲಿ ಬೆವರುತ್ತ ನಿಂತರು.

ನಮ್ಮ ಕಾರ್ಬಿನ್ಸ್ ಲ್ಯಾಂಡಿಂಗಿನ ಜನ ಕುಡಿದು ಬಿದ್ದವನನ್ನು ಕ್ಷಮಿಸುತ್ತಾರೆ, ಚರ್ಚಿಗೆ ಬಾರದವನನ್ನೂ ಕ್ಷಮಿಸುತ್ತಾರೆ. ಲಾಂಚನ್ನು ಮರಳಿಗೆ ಹತ್ತಿಸಿದವರನ್ನು ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಸೇತುವೆ ಇಲ್ಲದ ಊರು ನಮ್ಮದು. ನೆರೆ ಇಳಿದ ಮೇಲೆ ವೈಟ್ ನದಿ ಪ್ರತಿ ವರ್ಷವೂ ತನ್ನ ದಾರಿ ಬದಲಿಸುತ್ತದೆ. ಆಳ ಎಲ್ಲಿ ಮುಗಿಯುತ್ತದೋ ಅಲ್ಲಿ ಇಟ್ಟಿಗೆ ಕಟ್ಟಿ ಒಂದು ಬಿಳಿ ಕ್ಯಾನು ತೇಲಿಬಿಡುತ್ತೇವೆ. ಅದನ್ನು ನೋಡಿಕೊಂಡು ಲಾಂಚು ತಿರುಗಿಸಬೇಕು, ಅಷ್ಟೇ.

ವರ್ಲೀ ಚುಕ್ಕಾಣಿ ಹಿಡಿದು ತಿಂಗಳೂ ತುಂಬಿರಲಿಲ್ಲ. ಅವಳ ಅಪ್ಪ ಹೋಬರ್ಟ್, ತನ್ನ ಮೊಣಕಾಲು ಕೈಕೊಟ್ಟ ಮೇಲೆ, "ಹುಡುಗಿ ಕೈಗೆ ಲಾಂಚಾ?" ಎಂದವರ ಬಾಯಿ ಮುಚ್ಚಿಸಿ ಅವಳಿಗೆ ಕೊಟ್ಟಿದ್ದ. ಈಗ ಆ ಅಪ್ಪನೇ ಎಂಬ್ರಿಯ ಸಣ್ಣ ದೋಣಿಯಲ್ಲಿ ಕುಂಟುಗಾಲು ಚಾಚಿಕೊಂಡು ಬರುತ್ತಿದ್ದ. ಎಂಬ್ರಿ ಈಚೆ ದಡದ ಮೀನುಗಾರ, ಮಾತು ಕಡಿಮೆಯವನು. ಸಿಕ್ಕಿಬಿದ್ದವರನ್ನು ದಡ ಸೇರಿಸಲು ಮೊದಲು ದೋಣಿ ಬಿಚ್ಚಿದವನು ಅವನೇ.

"ಏನಾಯ್ತೇ?" ಎಂದ ಹೋಬರ್ಟ್. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ನಿಜ ವರ್ಲೀಯ ನಾಲಿಗೆ ತುದಿಯಲ್ಲೇ ಇತ್ತು. ತಿರುಗಿಸಬೇಕಾದ ಹೊತ್ತಿಗೆ ಅವಳು ದಡ ನೋಡುತ್ತಿದ್ದಳು. ದಡದಲ್ಲಿ ಎಂಬ್ರಿ, ಗಾಳಕ್ಕೆ ಸಿಕ್ಕಿದ ಒಂದು ಆಮೆಯ ಬಾಯಿಂದ ಕೊಕ್ಕೆ ಬಿಡಿಸಿ, ಅಜ್ಜಿಯರು ಮೊಮ್ಮಕ್ಕಳನ್ನು ಗದರುವ ಹಾಗೆ ಬೆರಳಾಡಿಸಿ ಅದನ್ನು ಗದರುತ್ತಿದ್ದ. ಅಂಗಿ ಇರಲಿಲ್ಲ. ಬೆನ್ನ ಮೇಲೆ ನೀರಿನ ಹನಿಗಳಿದ್ದವು. ವರ್ಲೀ ತನ್ನಷ್ಟಕ್ಕೆ ನಗುತ್ತಿದ್ದಳು. ಅಷ್ಟರಲ್ಲಿ ಮರಳು.

ಇದನ್ನು ಅಪ್ಪನಿಗೆ, ಇಷ್ಟು ಜನರ ಮುಂದೆ, ಅದೂ ಎಂಬ್ರಿಯ ಎದುರಿಗೇ ಹೇಗೆ ಹೇಳುವುದು?

"ಕ್ಯಾನು," ಎಂದಳು. "ಅಲ್ಲೊಂದು ಬಿಳಿ ಕ್ಯಾನಿತ್ತು. ನಮ್ದೇ ಅಂದ್ಕೊಂಡು ತಿರುಗಿಸ್ದೆ. ಆಮೇಲೆ ನೋಡಿದ್ರೆ ಗಾಳದ್ದು."

ಮೀನುಗಾರರೂ ಗಾಳ ಕಟ್ಟುವುದು ಅಂಥದೇ ಕ್ಯಾನಿಗೆ. ಲಾಂಚಿನ ದಾರಿಯಲ್ಲಿ ಅದನ್ನು ಬಿಡಬಾರದೆಂಬುದು ಊರಿನ ಕಟ್ಟಳೆ. ಆ ಭಾಗದಲ್ಲಿ ಗಾಳ ಬಿಡುವವನು ಒಬ್ಬನೇ. ಎಲ್ಲರ ಕಣ್ಣೂ ಎಂಬ್ರಿಯ ಮೇಲೆ ಹೋಯಿತು.

ಎಂಬ್ರಿ ವರ್ಲೀಯನ್ನು ನೋಡಿದ. ಅವಳ ಕಿವಿಗಳು ಕೆಂಪಗಾಗಿದ್ದವು. ಅವನ ಕ್ಯಾನುಗಳೆಲ್ಲ ಕೆಳಗಿನ ತಿರುವಿನಲ್ಲಿದ್ದವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ತೇಲಿ ಬಂದಿರ್ಬೇಕು," ಎಂದ. "ಹಗ್ಗ ಸಡಿಲ ಕಟ್ಟಿದ್ನೇನೋ. ತಪ್ಪು ನಂದೇ."

ಆ ಸಂಜೆಯೇ ಊರು ತೀರ್ಮಾನ ಹೇಳಿತು. ಈ ಬೇಸಿಗೆ ಮುಗಿಯುವವರೆಗೆ ಎಂಬ್ರಿ ಲ್ಯಾಂಡಿಂಗಿನ ನೀರಿನಲ್ಲಿ ಗಾಳ ಬಿಡುವಂತಿಲ್ಲ. ಜೊತೆಗೆ ಹಳೇ ಪದ್ಧತಿಯಂತೆ, ಲಾಂಚು ಮರಳಿಗೆ ಹತ್ತಲು ಕಾರಣನಾದವನು ಶನಿವಾರ ಏಪ್ರನ್ ಕಟ್ಟಿಕೊಂಡು ಊರಿಗೆಲ್ಲ ಮೀನು ಕರಿದು ಬಡಿಸಬೇಕು, ಬೈಸಿಕೊಳ್ಳಬೇಕು.

ವರ್ಲೀಗೆ ಊಟ ಸೇರಲಿಲ್ಲ. ಕನ್ನಡಿ ಮುಂದೆ ತಲೆ ಬಾಚುವಾಗಲೂ ತನ್ನ ಮುಖ ತಾನೇ ನೋಡಿಕೊಳ್ಳಲಿಲ್ಲ.

ಬುಧವಾರ ಎಂಬ್ರಿ ಲಾಂಚು ಹತ್ತಿದ. ಅವನ ಬುಟ್ಟಿಯಲ್ಲಿ ತಳ ಮುಚ್ಚುವಷ್ಟೂ ಮೀನಿರಲಿಲ್ಲ. ತಿರುವಿನಾಚೆಯ ಕೆಸರು ನೀರಿನಲ್ಲಿ ಇನ್ನೇನು ಸಿಕ್ಕೀತು! ಅವನು ಸೀದಾ ಬಂದು ಚುಕ್ಕಾಣಿಯ ಕೋಣೆಯ ಬಾಗಿಲಿಗೆ ಒರಗಿ ನಿಂತ.

"ಏನ್ ಕ್ಯಾಪ್ಟನ್, ಇವತ್ತೂ ಕ್ಯಾನು ಕಾಣ್ತಿದ್ಯಾ?"

"ತಮಾಷೆ ಮಾಡ್ಬೇಡ."

"ಅಳೋ ಬದಲು ತಮಾಷೆ ಮಾಡೋದು ವಾಸಿ ಅಲ್ವಾ?"

"ಯಾಕೆ ಒಪ್ಕೊಂಡೆ ಎಂಬ್ರಿ? ಸುಳ್ಳು ಅಂತ ಹೇಳ್ಬಹುದಿತ್ತು."

"ಹೇಳಿದ್ರೆ ನಿನ್ನ ಕೈಯಿಂದ ಇದನ್ನ ಕಿತ್ಕೋತಿದ್ರು." ಅವನು ಚುಕ್ಕಾಣಿ ತೋರಿಸಿದ. "ಮೀನು ನಂಗೆ ಮುಂದಿನ ವರ್ಷನೂ ಸಿಗುತ್ತೆ. ಒಂದೇ ಒಂದು ಕೇಳ್ಲಾ? ಕ್ಯಾನು ನೋಡ್ಲಿಲ್ಲ, ಸರಿ. ಮತ್ತೇನು ನೋಡ್ತಿದ್ದೆ?"

ಅವನ ಕಣ್ಣಂಚಿನಲ್ಲಿ ಸಣ್ಣ ನಗುವಿತ್ತು. ಅದನ್ನು ನೋಡಿದ್ದೇ ವರ್ಲೀ ಚಟ್ಟನೆ ನೀರಿನತ್ತ ಮುಖ ತಿರುಗಿಸಿದಳು.

"ಬಿಸಿಲು ಕಣ್ಣಿಗೆ ಹೊಡೀತಿತ್ತು," ಎಂದಳು.

"ಮಧ್ಯಾಹ್ನ ಹನ್ನೆರಡು ಗಂಟೇಲಾ? ನೆತ್ತಿ ಮೇಲಿನ ಬಿಸಿಲಾ?"

ಒಂದು ಸುಳ್ಳಿನ ಮೇಲೆ ಇನ್ನೊಂದು, ಅದೂ ಇಷ್ಟು ಪೆದ್ದು ಸುಳ್ಳು. ದಡ ಬಂತು. ಅವನು ಬುಟ್ಟಿ ಎತ್ತಿಕೊಂಡು ಇಳಿದುಹೋದ.

ಶನಿವಾರ ಮಧ್ಯಾಹ್ನ ಪೀಕನ್ ಮರದ ಕೆಳಗೆ ಊರೆಲ್ಲ ಸೇರಿತು. ಹೂವಿನ ಅಂಚಿನ ಏಪ್ರನ್ ಕಟ್ಟಿಕೊಂಡ ಎಂಬ್ರಿ ದೊಡ್ಡ ಬಾಣಲೆಯ ಮುಂದೆ ನಿಂತು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿದ ಮೀನನ್ನು ಎಣ್ಣೆಗೆ ಬಿಡುತ್ತಿದ್ದ.

"ಏನಯ್ಯಾ, ಮೀನು ತಂದಿದ್ದೀಯೋ ಮೀನಿನ ಮೀಸೆ ತಂದಿದ್ದೀಯೋ?" ಎಂದ ಒಬ್ಬ. ಜನ ನಕ್ಕರು. ಎಂಬ್ರಿಯೂ ನಕ್ಕ. ಅಲ್ಲಿಯವರೆಗೆ ಎಲ್ಲ ಪದ್ಧತಿಯಂತೆಯೇ ಇತ್ತು.

ಆಮೇಲೆ ಒಡೆಸಾ ಅತ್ತೆಯ ಸರದಿ ಬಂತು. ಅವಳು ತಟ್ಟೆ ಒಡ್ಡಲಿಲ್ಲ. ಬೋರಲು ಹಿಡಿದಳು.

"ನಿನ್ನ ಕೈಯಿಂದ ನಂಗೆ ಬೇಡಪ್ಪ. ಕೇಕು ಹೋದ್ರೆ ಹೋಗ್ಲಿ. ಮಕ್ಕಳು ಮರಿ ದಾಟೋ ದಾರೀಲಿ ಗಾಳ ಬಿಡೋನು ನೀನು. ಮಗುವಾಗಿದ್ದಾಗಿಂದ ನೋಡಿದೀನಿ, ಹೀಗೆ ಅಂತ ಗೊತ್ತಿರ್ಲಿಲ್ಲ."

ಎಂಬ್ರಿಯ ನಗು ನಿಂತಿತು. ಸೌಟು ಹಿಡಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ವರ್ಲೀಗೆ ಇನ್ನು ತಡೆಯಲಾಗಲಿಲ್ಲ. ಸಾಲಿನಿಂದ ಹೊರಬಂದು ಅವನ ಬೆನ್ನ ಹಿಂದಿನ ಗಂಟು ಬಿಚ್ಚಿ ಏಪ್ರನ್ನನ್ನು ತಾನು ಕಟ್ಟಿಕೊಂಡಳು.

"ಬೇಡ ಕಣೇ," ಎಂದ ಅವನು ಮೆಲ್ಲಗೆ.

"ಕ್ಯಾನು ಇರ್ಲೇ ಇಲ್ಲ," ಎಂದಳು ವರ್ಲೀ. "ನಾನು ಸುಳ್ಳು ಹೇಳ್ದೆ. ಇವನು ಗಾಳ ಬಿಟ್ಟಿದ್ದು ಎಲ್ಲಿ ಬಿಡ್ಬೇಕೋ ಅಲ್ಲೇ. ನಂದೇ ತಪ್ಪು. ನಾನು ಮುಂದೆ ನೋಡ್ತಿರ್ಲಿಲ್ಲ."

ಹೋಬರ್ಟ್ ಕೋಲೂರಿ ಎದ್ದ.

"ಮತ್ತೆ ಎಲ್ಲಿ ನೋಡ್ತಿದ್ದೆ?"

ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು ಅವಳಿಗೆ. ಬಿಡಲಿಲ್ಲ.

"ಇವನನ್ನ," ಎಂದಳು.

"ಅಂದ್ರೆ," ಎಂದಳು ಒಡೆಸಾ ಅತ್ತೆ ಲೆಕ್ಕ ಹಾಕುತ್ತ, "ನನ್ನ ಕೇಕು ಕುಸಿದಿದ್ದು ಇವನ ಬೆನ್ನು ನೋಡಿಯಾ?"

ಜನ ಕೇಕೆ ಹಾಕಿದರು, ಶಿಳ್ಳೆ ಹೊಡೆದರು. ಹೋಬರ್ಟ್ ಮಾತ್ರ ನಗಲಿಲ್ಲ.

"ನಾಳೆಯಿಂದ ಚುಕ್ಕಾಣಿ ನಾನೇ ಹಿಡೀತೀನಿ. ನೀನು ಹಗ್ಗ ಎಳಿ, ಸರಪಳಿ ಕಟ್ಟು. ಮುಂದಿನ ನೆರೆ ಇಳಿಯೋವರ್ಗೂ."

"ನಿನ್ನ ಮೊಣಕಾಲು ಅಪ್ಪಾ..."

"ನೋಯುತ್ತೆ. ನೋಯ್ಲಿ. ಲಾಂಚು ಮರಳಿಗೆ ಹತ್ತಿಸಿದ್ದಕ್ಕಲ್ಲ ಕಣೇ ಇದು. ನಾನೂ ಹತ್ತಿಸಿದೀನಿ ಒಂದ್ಸಲ. ಇನ್ನೊಬ್ಬನ ತಲೆಗೆ ಕಟ್ಟಿದ್ಯಲ್ಲ, ಅದಕ್ಕೆ." ಆಮೇಲೆ ಅವನು ಎಂಬ್ರಿಯ ಕಡೆ ತಿರುಗಿ ಟೋಪಿ ತೆಗೆದ. "ನಮ್ಮ ಮನೆಯಿಂದ ತಪ್ಪಾಯ್ತಪ್ಪ."

ಅಪ್ಪನ ಬಕ್ಕತಲೆ ಊರ ಮುಂದೆ ಬಿಸಿಲಿನಲ್ಲಿ ಬಾಗಿದ್ದನ್ನು ನೋಡಿ ವರ್ಲೀಗೆ ಕಣ್ಣು ತುಂಬಿ ಬಂತು. ಅಂಥ ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ತಲೆ ತಗ್ಗಿಸಿ ಬಾಣಲೆಯತ್ತ ತಿರುಗಿದಳು. ಒಡೆಸಾ ಅತ್ತೆ ತಟ್ಟೆ ನೆಟ್ಟಗೆ ಹಿಡಿದು, "ನನಗೆ ಎರಡು ಹಾಕು, ಅವನು ಕರಿದಿದ್ದೇ ಹಾಕು," ಎಂದಳು.

ಸಾಲು ಸಾಗಿತು. ಎಂಬ್ರಿ ಮಾತ್ರ ಅಲ್ಲಿಂದ ಅಲುಗಲಿಲ್ಲ.

"ನಿನ್ನ ಶಿಕ್ಷೆ ಮುಗೀತಲ್ಲ, ಹೋಗು," ಎಂದಳು ಅವಳು ಮುಖ ಎತ್ತದೆ.

"ನಾನ್ಯಾಕೆ ಬಾಯಿ ಮುಚ್ಕೊಂಡಿದ್ದೆ ಗೊತ್ತಾ?"

"ನನ್ನ ಕೆಲಸ ಉಳಿಸೋಕೆ."

"ಅದು ಅರ್ಧ." ಅವನ ಕುತ್ತಿಗೆ ಕೆಂಪೇರಿತು. ಹಿಟ್ಟು ಮೆತ್ತಿದ ಬೆರಳುಗಳನ್ನೇ ನೋಡುತ್ತ ಹೇಳಿದ. "ಆ ದಡದಲ್ಲಿ ನಂಗೇನೂ ಕೆಲಸ ಇರ್ಲಿಲ್ಲ ವರ್ಲೀ. ಆ ಆಮೇನ ಎಲ್ಲಾದ್ರೂ ಬಿಡಿಸ್ಬಹುದಿತ್ತು. ನೀನು ಲಾಂಚು ಹಿಡಿದ ದಿನದಿಂದ, ಅದು ಹೊರಡೋ ಹೊತ್ತಿಗೆ ದಿನಾ ಅಲ್ಲಿ ಬಂದು ನಿಲ್ತಿದ್ದೆ. ನೀನು ನೋಡ್ಲಿ ಅಂತಲೇ. ಅಂಗಿ ಬಿಚ್ಚಿದ್ದೂ ಸೆಕೆಗಲ್ಲ."

ಅಷ್ಟು ಹೇಳಿ, ಮೈಯೆಲ್ಲ ನಾಚಿಕೆಯಾದವನಂತೆ, ಅವನು ಇನ್ನೊಂದು ಸೌಟು ಕೈಗೆತ್ತಿಕೊಂಡ. "ಅರ್ಧ ಮೀನು ನಾನೇ ಕರೀಬೇಕು. ನ್ಯಾಯ ಅಂದ್ರೆ ನ್ಯಾಯ."

ವರ್ಲೀ ತಲೆ ಎತ್ತಿದಳು. ಅವನನ್ನು ನೋಡಿದಳು, ಕಣ್ಣು ತಪ್ಪಿಸದೆ, ಬೇಕಾದಷ್ಟು ಹೊತ್ತು.

"ಲೇ, ಮೀನು ಸೀದುಹೋಗ್ತಿದೆ!" ಹೋಬರ್ಟ್ ಕೂಗಿದ. "ಈಗ್ಲೂ ಅವನನ್ನೇ ನೋಡ್ತಿದ್ದೀಯೇನೇ?"

"ಹೌದಪ್ಪಾ," ಎಂದಳು ವರ್ಲೀ, ಊರಿಗೆಲ್ಲ ಕೇಳುವ ಹಾಗೆ.