ಕಾಫಿಬೀಜದ ಮೇಲಿನ ಬಿಳಿ ಪುಡಿ

ಮರಗದಂ ಅಂಗಳದಲ್ಲಿ ಬಗ್ಗಿ ಕೋಲದ ರಂಗೋಲಿಗೆ ಚುಕ್ಕಿ ಇಡುತ್ತಿದ್ದಳು. ಹದಿನೈದರ ಸಾಲು ಮುಗಿದು ಹದಿಮೂರರ ಸಾಲಿಗೆ ಕೈ ಹೋಗಿತ್ತು. ಅಷ್ಟರಲ್ಲಿ ಹಿತ್ತಲಿನ ಶೆಡ್ಡಿನಿಂದ ಮಾವನ ಕೂಗು.

“ಮರಗದಂ! ಕೈಲಿರೋದು ಬಿಟ್ಟು ಬಾಮ್ಮಾ ಇಲ್ಲಿ!”

ತಿರುಮೂರ್ತಿಯವರ ದನಿ ಯಾವಾಗಲೂ ಜೋರೇ. ಕೊಯಮತ್ತೂರಿನ ಪಂಪುಸೆಟ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ಆದರೆ ಇವತ್ತಿನ ಕೂಗಿನಲ್ಲಿ ನಡುಕವಿತ್ತು. ಮರಗದಂ ಕೋಲದ ಪುಡಿಯ ಬಟ್ಟಲು ಹಿಡಿದುಕೊಂಡೇ ಓಡಿದಳು.

ಶೆಡ್ಡಿನ ನಡುವೆ ಮಾವ ತಾವೇ ಕಟ್ಟಿದ ಕಾಫಿ ಹುರಿಯುವ ಮಷಿನ್ನು. ಹಳೇ ಗ್ರೈಂಡರಿನ ಮೋಟರು, ಮದುವೆ ಮನೆಯ ದೊಡ್ಡ ಸ್ಟೀಲ್ ಪಾತ್ರೆಯನ್ನು ಅಡ್ಡ ಮಲಗಿಸಿ ಮಾಡಿದ ಡ್ರಮ್ಮು, ಕೆಳಗೆ ಗ್ಯಾಸ್ ಒಲೆ. ನಿನ್ನೆಯ ಆಯುಧಪೂಜೆಯ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಇನ್ನೂ ಅದರ ಮೈಮೇಲಿದ್ದವು. ಇವತ್ತು ವಿಜಯದಶಮಿ. ಪೂಜೆಯ ನಂತರದ ಮೊದಲ ಹುರಿತ ಆಗಷ್ಟೇ ಮುಗಿದಿತ್ತು. ಪಕ್ಕದಲ್ಲಿ ಒಂಬತ್ತು ವರ್ಷದ ಮೊಮ್ಮಗಳು ಕಯಲ್ ಉಗುರು ಕಚ್ಚುತ್ತ ನಿಂತಿದ್ದಳು.

“ಇದನ್ನ ಕಚ್ಚಿ ನೋಡು. ನುಂಗ್ಬೇಡ,” ಎಂದು ಮಾವ ಅಂಗೈ ಚಾಚಿದರು.

ಬೀಜಗಳ ನಡುಗೆರೆಯಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಕೂತಿತ್ತು. ಮರಗದಂ ಒಂದನ್ನು ಕಚ್ಚಿದವಳೇ ಹೊರಗೆ ಹೋಗಿ ಉಗಿದು ಬಾಯಿ ಮುಕ್ಕಳಿಸಿದಳು.

“ತಗಡು ನೆಕ್ಕಿದ ಹಾಗಿದೆ ಮಾಮಾ!”

“ನಂಗೂ ಹಾಗೇ ಅನ್ನಿಸ್ತು. ಹತ್ತು ಸಲ ಹುರಿದಿದೀನಿ. ಒಂದ್ಸಲಾನೂ ಈ ರುಚಿ ಬಂದಿಲ್ಲ.”

ಹಲ್ಲುಜ್ಜುತ್ತಲೇ ಬಂದ ಗಂಡ ಕದಿರವೇಲ್ ಬಗ್ಗಿ ನೋಡಿದ. “ಅಪ್ಪಾ, ಏನಿದು ಬಿಳೀ ಪುಡಿ?”

ತಿರುಮೂರ್ತಿ ಅಂಗೈಯನ್ನು ಮೂಗಿನ ಹತ್ತಿರಕ್ಕೆ ತಂದರು. “ಅದೇ... ಅದನ್ನೇ ನಾನೂ ಕೇಳ್ತಿರೋದು.”

“ಹನ್ನೊಂದಕ್ಕೆ ಸೊರ್ಣಕ್ಕ ಬರ್ತಾರೆ. ಇದನ್ನ ಕೊಡ್ತೀರಾ ಅವರಿಗೆ?” ಎಂದ ಕದಿರವೇಲ್.

ಪಕ್ಕದ ಬೀದಿಯಲ್ಲಿ ಸೊರ್ಣಕ್ಕನ ಮೆಸ್ಸಿದೆ. ಒಳ್ಳೆಯ ದಿನ ಅಂತ ಇವತ್ತು ಮೊದಲ ಪುಡಿ ಒಯ್ಯುವುದಾಗಿ ಹೇಳಿದ್ದರು. ನಿವೃತ್ತಿಯಾದ ಮೇಲೆ ಎಂಟು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ ಮಾವ, ಈ ಮಷಿನ್ ಕಟ್ಟಲು ಶುರುಮಾಡಿದ ಮೇಲೆ ಐದು ಗಂಟೆಗೇ ಏಳುತ್ತಿದ್ದರು. ಮನೆಯವರೆಲ್ಲ ಅದನ್ನು ನೋಡಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

“ಸೊರ್ಣಕ್ಕ ಇರ್ಲಿ,” ಎಂದ ಕದಿರವೇಲ್. “ನಮ್ಮ ಕಯಲ್ ದಿನಾ ಹಾಲಿಗೆ ಇದೇ ಡಿಕಾಕ್ಷನ್ ಹಾಕಿಸ್ಕೊಂಡು ಕುಡೀತಾಳೆ. ಇದೇನು ಅಂತ ಗೊತ್ತಾಗ್ಲಿಲ್ವಾ — ಮಧ್ಯಾಹ್ನ ಗುಜರಿಯವನು ಬಂದಾಗ ಮಷಿನ್ ಕೊಟ್ಟು ಕಳಿಸ್ತೀನಿ.”

ಮಾವ ಮಷಿನ್ನಿನ ಮೇಲೆ ಕೈಯಿಟ್ಟರು. ಬಿಸಿಯಿತ್ತು. ಆದರೂ ತೆಗೆಯಲಿಲ್ಲ.

“ಯಾರೂ ಏನೂ ಮುಟ್ಬೇಡಿ,” ಎಂದಳು ಮರಗದಂ. “ಹನ್ನೊಂದರೊಳಗೆ ನಾನು ಹುಡುಕ್ತೀನಿ.”

“ನೀನಾ? ಮಷಿನ್ ವಿಷಯ ನಿಂಗೇನು ಗೊತ್ತು?” ಎಂದ ಗಂಡ.

“ಮಷಿನ್ ಗೊತ್ತಿಲ್ಲ. ಯಾವ ಪಾತ್ರೇಲಿ ಏನಿಟ್ರೆ ಕೆಡುತ್ತೆ ಅಂತ ಗೊತ್ತು. ಹನ್ನೆರಡು ವರ್ಷದಿಂದ ನನ್ನ ಕೈಯೂಟ ಉಂಡು ಗಟ್ಟಿಮುಟ್ಟಾಗಿಲ್ವಾ ನೀವು?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ದೈವಾನೈ ನಕ್ಕರು. “ಪತ್ತೇದಾರಮ್ಮಾ, ಮೊದ್ಲು ನಿನ್ನ ಕೈ ನೋಡ್ಕೋ.”

ಮರಗದಂ ನೋಡಿಕೊಂಡಳು. ಐದು ಬೆರಳೂ ಬೆಳ್ಳಗೆ! ಕೋಲದ ಪುಡಿ. ಸರಿ, ಮೊದಲ ಅನುಮಾನ ತನ್ನ ಮೇಲೆಯೇ. ಬೀಜದ ಮೇಲಿನ ಪುಡಿಯನ್ನು ಒಂದು ಕೈಯಲ್ಲಿ, ಕೋಲದ ಪುಡಿಯನ್ನು ಇನ್ನೊಂದು ಕೈಯಲ್ಲಿ ತಿಕ್ಕಿದಳು. ಕೋಲದ್ದು ಮರಳಿನ ಹಾಗೆ ತರಿತರಿ. ಬೀಜದ್ದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ.

“ನಾನಲ್ಲ. ಈಗ ನಿಮ್ಮ ಸರದಿ ಅತ್ತೆ.”

ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಲೇ ವಿಚಾರಣೆ ಶುರುವಾಯಿತು.

“ನಿನ್ನೆ ಮಷಿನ್ನಿಗೆ ವಿಭೂತಿ ಹಚ್ಚಿದ್ದು ನೀವೇ ಅಲ್ವಾ? ಒಳಗೂ ಹಚ್ಚಿದ್ರಾ?”

“ಯಾರಾದ್ರೂ ಹೊಟ್ಟೆಯೊಳಗೆ ವಿಭೂತಿ ಹಚ್ತಾರೇನೇ? ಹೊರಗಡೆ ಮೂರೇ ಬೆರಳು.”

“ಒಳಗೆ ಏನೂ ಮಾಡ್ಲಿಲ್ಲ?”

ದೈವಾನೈ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. “ಉಜ್ಜಿದೆ. ಮಂಗಳವಾರ ಸಂಜೆ ಹಿತ್ತಾಳೆ ದೀಪ ತಿಕ್ಕಿ ಹುಣಸೆಹಣ್ಣು ಮಿಕ್ಕಿತ್ತು. ಪಾಪ, ಮಷಿನ್ನಿಗೂ ಹಬ್ಬ ತಾನೇ ಅಂತ ಡ್ರಮ್ಮಿನೊಳಗೂ ತಿಕ್ಕಿದೆ. ಒದ್ದೆ ಬಟ್ಟೇಲಿ ಒರೆಸಿ ಅದರ ಬಾಗಿಲು ಹಾಕಿದೆ. ತಪ್ಪಾ?”

“ಸ್ಟೀಲಿಗೆ ಹುಣಸೆ ಏನೂ ಮಾಡಲ್ಲ ಅತ್ತೆ. ದಿನಾ ಸಾರಿಗೆ ಸ್ಟೀಲ್ ಬಟ್ಟಲಲ್ಲೇ ನೆನೆಸ್ತೀನಿ.”

ಹಾಗಂದಳೇ ಹೊರತು ಮಾತು ಮನಸ್ಸಿನಲ್ಲಿ ಎಲ್ಲೋ ಚುಚ್ಚಿಕೊಂಡಿತು. ಹುಣಸೆ... ಒದ್ದೆ... ಎರಡು ರಾತ್ರಿ ಮುಚ್ಚಿದ ಬಾಗಿಲು...

ಇಡ್ಲಿ ತಿನ್ನಲು ಕೂತ ಗಂಡನ ಮುಂದೆ ಒಂದು ತುಂಡು ಬಿಳಿ ಹಗ್ಗ ತಂದಿಟ್ಟಳು.

“ಇದು ನಿಮ್ಮದು ತಾನೇ?”

“ಹೌದು. ಡ್ರಮ್ಮಿನ ಬಾಗಿಲ ಸಂದಿಯಿಂದ ಬಿಸಿ ಆಚೆ ಹೋಗ್ತಿತ್ತು, ಅದಕ್ಕೆ ಸುತ್ತಿದ್ದು. ಗಾಜಿನ ನೂಲಿಂದು. ಎಂಥಾ ಬೆಂಕಿಗೂ ಜಗ್ಗಲ್ಲ.”

“ತಿನ್ನೋ ವಸ್ತು ಹತ್ರ ಇಡಬಹುದಾ ಅಂತ ಅಂಗಡಿಯವನನ್ನ ಕೇಳಿದ್ರಾ?”

“...ಇಲ್ಲ.”

“ಬೆಂಡೆಕಾಯಿ ಎಳೇದಾ ಅಂತ ಮೂರು ಸಲ ಕೇಳ್ತೀರಿ!”

“ಅಯ್ಯೋ, ಅದು ಬಾಗಿಲಿನ ಹೊರಗಡೆಗೆ ಕಣೇ. ಬೀಜಕ್ಕೆ ತಾಗೋದೇ ಇಲ್ಲ.”

ಮರಗದಂ ಹಗ್ಗವನ್ನು ಕಪ್ಪು ಬಟ್ಟೆಗೆ ತಿಕ್ಕಿದಳು. ನಾಲ್ಕು ಎಳೆ ಬಿಟ್ಟಿತು, ಪುಡಿ ಬಿಡಲಿಲ್ಲ. “ನೀವೂ ಅಲ್ಲ. ಆದ್ರೂ ಇದನ್ನ ತೆಗೀತೀನಿ. ಎಳೆ ಉದುರಿದ್ರೆ ಬೀಜಕ್ಕೇ ಬೀಳೋದು.”

ಉಳಿದವರು ಮಾವ. ಅವರು ಶೆಡ್ಡಿನ ಸ್ಟೂಲಿನ ಮೇಲೆ ಕೂತಿದ್ದರು. ಅವಳು ಕಾಫಿ ಲೋಟ ಪಕ್ಕದಲ್ಲಿಟ್ಟಳು. ಅವರ ಬೆರಳು ಸ್ಟೂಲಿನ ಅಂಚು ಸವರುತ್ತ ಹೋಗಿ ಲೋಟ ಹಿಡಿಯಿತು.

“ಮಾಮಾ, ಹಬ್ಬಕ್ಕೆ ಮುಂಚೆ ಮಷಿನ್ನಿಗೆ ಹೊಸದಾಗಿ ಏನು ಹಾಕಿದ್ರಿ?”

“ರೆಕ್ಕೆ. ಬೀಜ ಒಂದೇ ಕಡೆ ಬಿದ್ದು ಸುಡ್ತಿತ್ತು. ಮೇಲೆತ್ತಿ ತಿರುವೋಕೆ ಅಂತ ಡ್ರಮ್ಮಿನೊಳಗೆ ನಾಲ್ಕು ರೆಕ್ಕೆ ಕೂರಿಸಿದೆ. ಸೋಮವಾರ.”

“ಯಾವುದರಲ್ಲಿ ಮಾಡಿದ್ರಿ?”

“ಸ್ಟೀಲು! ಇನ್ಯಾವುದರಲ್ಲಿ?” ದನಿ ಏರಿತು. “ತಿನ್ನೋದು ತಾಗೋ ಜಾಗಕ್ಕೆ ಬಣ್ಣ ಬಳೀಬಾರ್ದು, ಲೇಪ ಇರೋ ತಗಡು ಹಾಕಬಾರ್ದು, ಸೀಸದ ಬೆಸುಗೆ ಹತ್ರಾನೂ ಸುಳೀಬಾರ್ದು — ಬೀದೀಗೆಲ್ಲ ಹೇಳೋನು ನಾನು. ರಿವೆಟ್ಟೂ ಸ್ಟೀಲಿಂದೇ ಹುಡುಕಿ ತಂದೆ.”

“ಆ ತಗಡು ಎಲ್ಲಿತ್ತು?”

“ಮೇಲಿನ ಹಲಗೆಯ ಎಡಗಡೆ. ಯಾವಾಗ್ಲೂ ಅಲ್ಲೇ. ಬಲಗಡೆ ಇರೋದು ನಿನ್ನ ಗಂಡ ಕೂಲರ್ ಮಾಡಿ ಉಳಿಸಿದ ಜಿಐ ತಗಡು.”

ಕಯಲ್ ಬಾಗಿಲಲ್ಲಿ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ತಾತನ ಮುಖ ನೋಡಿ ಮುಚ್ಚಿಕೊಂಡಳು.

ಹತ್ತು ಗಂಟೆ. ಮಗಳನ್ನು ಮುಂದೆ ಕೂರಿಸಿಕೊಂಡು ಮರಗದಂ ಜಡೆ ಹೆಣೆಯತೊಡಗಿದಳು. ಜಡೆ ಹೆಣೆಯುವಾಗ ಕೇಳಿದರೆ ಈ ಹುಡುಗಿ ನಿಜ ಹೇಳುತ್ತಾಳೆ. ಅದು ಅಮ್ಮನಿಗೆ ಗೊತ್ತು.

“ನೀನು ದಿನಾ ತಾತನ ಜೊತೇಲೇ ಇರ್ತೀಯಲ್ಲ. ಏನು ಕೆಲಸ ನಿಂದು?”

“ಬಣ್ಣ ಹೇಳೋದು. ‘ಅಮ್ಮಿಣಿ ಪುಟ್ಟೀ, ಈಗ ಯಾವ ಬಣ್ಣ?’ ಅಂತಾರೆ ತಾತ. ಮೊದ್ಲು ಒಣಹುಲ್ಲು, ಆಮೇಲೆ ಬೆಲ್ಲ, ಆಮೇಲೆ ಹುಣಸೆಬೀಜ. ಹುಣಸೆಬೀಜ ಅಂದ ತಕ್ಷಣ ಗ್ಯಾಸ್ ಆರಿಸ್ತಾರೆ. ಆಟ ಅದು.”

“ಚೆನ್ನಾಗಿದೆ ಆಟ.”

“ಅಮ್ಮಾ... ಒಂದು ಕೇಳ್ಲಾ?”

“ಕೇಳು ಕಂದಾ.”

ಕಯಲ್ ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಬೇಡ ಬಿಡು.”

ಮರಗದಂ ಒತ್ತಾಯಿಸಲಿಲ್ಲ. ಪೂಜೆಗಿಟ್ಟಿದ್ದ ಪುಸ್ತಕಗಳನ್ನು ಇವತ್ತು ತೆಗೆಯಬೇಕಲ್ಲ ಎಂದು ಎದ್ದು, ಸರಸ್ವತಿಯ ಪಟದ ಮುಂದಿನಿಂದ ಮಗಳ ಡ್ರಾಯಿಂಗ್ ಪುಸ್ತಕ ಎತ್ತಿಕೊಂಡಳು. ಕೊನೆಯ ಪುಟದಲ್ಲಿ ತಾತನ ಮಷಿನ್ನು. ಮೋಟರು, ಬೆಲ್ಟು, ಉರಿಯುವ ಒಲೆ, ತೆರೆದ ಬಾಗಿಲಿನೊಳಗೆ ನಾಲ್ಕು ರೆಕ್ಕೆ. ಪ್ರತಿ ರೆಕ್ಕೆಯ ಮೇಲೂ ಚಿಕ್ಕಚಿಕ್ಕ ಹೂವು.

“ಈ ಹೂವು ಯಾಕೆ ಬರೆದೆ?”

“ರೆಕ್ಕೆ ಮೇಲೆ ಇತ್ತಲ್ಲಮ್ಮಾ! ಬೂದು ಬಣ್ಣದ ಹೂವು. ನಮ್ಮ ಕೂಲರ್ ಮೇಲೂ ಅದೇ ಇದೆ, ನೋಡಿಲ್ವಾ?”

ಮರಗದಂ ಪುಸ್ತಕ ಮುಚ್ಚಿದಳು. ಸೀದಾ ಫ್ರಿಜ್ಜಿನ ಹತ್ತಿರ ಹೋಗಿ, ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗಿಣಿಯನ್ನು ಕಿತ್ತುಕೊಂಡಳು.

“ಎಲ್ಲರೂ ಶೆಡ್ಡಿಗೆ ಬನ್ನಿ!”

ಗಿಣಿಯನ್ನು ಡ್ರಮ್ಮಿನ ಗೋಡೆಗೆ ಹಿಡಿದಳು. ನಿಲ್ಲದೆ ಜಾರಿ ಅವಳ ಅಂಗೈಗೇ ಬಿತ್ತು. ರೆಕ್ಕೆಗೆ ಹಿಡಿದಳು — ಟಪ್ಪಂತ ಕಚ್ಚಿಕೊಂಡಿತು.

“ಡ್ರಮ್ಮು ಒಳ್ಳೇ ಸ್ಟೀಲು, ಅಯಸ್ಕಾಂತ ಹಿಡಿಯಲ್ಲ. ರೆಕ್ಕೆ ಅಲ್ಲ. ರೆಕ್ಕೆ ಜಿಐ. ಕಬ್ಬಿಣದ ತಗಡಿಗೆ ಸತುವಿನ ಲೇಪ, ಅದರದ್ದೇ ಈ ಹೂವು. ನೀರಿನ ಪೈಪಿಗೆ, ಕೂಲರ್‌ಗೆ ಸರಿ. ಬೆಂಕಿ ಮೇಲೆ ತಿನ್ನೋ ವಸ್ತು ಹುರಿಯೋಕೆ ಅಲ್ಲ.”

“ಪುಡಿ?” ಎಂದ ಕದಿರವೇಲ್.

“ಚಿಕ್ಕವಳಿದ್ದಾಗ ನಾನು ಜಿಐ ಬಕೆಟ್ಟಲ್ಲಿ ಹುಣಸೆಹಣ್ಣು ನೆನೆಸಿಟ್ಟು ನಮ್ಮಜ್ಜಿ ಹತ್ರ ಬೈಸ್ಕೊಂಡಿದ್ದೆ. ಮಾರನೇ ದಿನ ಬಕೆಟ್ಟಿನ ಒಳಗೆಲ್ಲ ಹೀಗೇ ಬೆಳ್ಳಗೆ ಬೂಷ್ಟು ಹಿಡಿದ ಹಾಗಾಗಿತ್ತು. ಹುಳಿ ಸ್ಟೀಲನ್ನ ಏನೂ ಮಾಡಲ್ಲ, ಸತುವನ್ನ ತಿನ್ನುತ್ತೆ. ಅತ್ತೆ ಹುಣಸೆ ಹಚ್ಚಿದ್ರು, ಒದ್ದೇಲೇ ಬಾಗಿಲು ಹಾಕಿದ್ರು. ನಿನ್ನೆ ಪೂಜೆ, ಯಾರೂ ಮುಟ್ಟೋ ಹಾಗಿಲ್ಲ. ಇವತ್ತು ಡ್ರಮ್ಮು ತಿರುಗಿದಾಗ ಎಲ್ಲ ಬೀಜದ ಮೇಲೆ ಉದುರ್ತು. ರೆಕ್ಕೆ ಹಾಕಿದ ಮೇಲೆ ಹುರಿದಿದ್ದು ಇವತ್ತೇ ಮೊದಲು. ಕಯಲ್ ಇಷ್ಟು ದಿನ ಕುಡಿದಿದ್ದು ರೆಕ್ಕೆ ಹಾಕೋಕೆ ಮುಂಚೆ ಹುರಿದ ಪುಡಿ.”

ಕದಿರವೇಲ್ ದೊಡ್ಡದಾಗಿ ಉಸಿರು ಬಿಟ್ಟ.

“ಅಯ್ಯೋ, ಹಾಗಾದ್ರೆ ಕಳ್ಳಿ ನಾನೇನಾ?” ಎಂದರು ದೈವಾನೈ.

“ಹುಣಸೆ ಇಲ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಅತ್ತೆ. ವರ್ಷಗಟ್ಟಲೆ ಕುಡೀತಿದ್ವಿ. ನೀವು ಹಿಡಿದುಕೊಟ್ಟೋರು.” ಮರಗದಂ ಮೇಲಿನ ಹಲಗೆಯ ಬಲಗಡೆಗೆ ಕೈ ಹಾಕಿ ಒಂದು ತಗಡು ಎಳೆದಳು. ಗಿಣಿ ಅದಕ್ಕೆ ಅಂಟಲಿಲ್ಲ. “ಸ್ಟೀಲು ಇಲ್ಲಿದೆ ನೋಡಿ. ಭಾನುವಾರ ಹಬ್ಬಕ್ಕೆ ಅಂತ ನಾನೂ ಅತ್ತೇನೂ ಶೆಡ್ ಗುಡಿಸಿದ್ವಿ. ಹಲಗೆ ಒರೆಸಿ ವಾಪಸ್ಸಿಡುವಾಗ ಎಡ ಬಲ ಅದಲುಬದಲು. ತಪ್ಪು ಹಬ್ಬದ ಗುಡಿಸಾಟದ್ದು. ಮುಗೀತು. ಹೊಸ ರೆಕ್ಕೆ ಕತ್ತರಿಸಿದ್ರೆ ಮಷಿನ್ ಸರಿಯಾಗುತ್ತೆ. ಸೊರ್ಣಕ್ಕಂಗೆ ಮುಂದಿನ ಗುರುವಾರ ಬನ್ನಿ ಅಂತ ನಾನೇ ಫೋನ್ ಮಾಡ್ತೀನಿ. ಗುಜರಿಯವನಿಗೆ ನಿಮ್ಮ ಹಗ್ಗ ಕೊಡಿ.”

ಎಲ್ಲರೂ ನಕ್ಕರು. ಮಾವನೂ ನಕ್ಕರು, ಸ್ವಲ್ಪ ತಡವಾಗಿ.

ಆದರೆ ಕದಿರವೇಲನ ನಗು ಅರ್ಧದಲ್ಲೇ ನಿಂತಿತು. ರೆಕ್ಕೆ ಕತ್ತರಿಸಿ ಉಳಿದಿದ್ದ ತಗಡಿನ ಚೂರೊಂದನ್ನು ಬೆಳಕಿಗೆ ಹಿಡಿದು ನೋಡಿದ. “ಜಾಗ ಬದಲಾದ್ರೇನು? ಇಷ್ಟು ದೊಡ್ಡ ಹೂವಿನ ಗುರುತಿದೆ. ನಲವತ್ತು ವರ್ಷ ತಗಡಿನ ಜೊತೆ ಬಾಳಿದೋರು. ಅಪ್ಪಾ, ನೋಡಿದ್ರೆ ಗೊತ್ತಾಗಲ್ವಾ?”

ಮರಗದಂಗೆ ಗೊತ್ತಿತ್ತು. ಡ್ರಾಯಿಂಗ್ ಪುಸ್ತಕ ಮುಚ್ಚಿದಾಗಲೇ ಗೊತ್ತಾಗಿತ್ತು. ಬೆಳಗ್ಗೆ ಅಂಗೈ ಚಾಚಿದ ಮಾವ ರುಚಿಯ ಮಾತು ಮಾತ್ರ ಆಡಿದ್ದರು. ಕಣ್ಣಿಗೆ ರಾಚುವ ಬಿಳುಪಿನ ಮಾತು ಎತ್ತಿರಲಿಲ್ಲ. ಲೋಟಕ್ಕಾಗಿ ಸ್ಟೂಲಿನ ಅಂಚು ಸವರಿದ ಬೆರಳು. ಕಾಲೂರಿದ ಜಾಗದಿಂದಲೇ ಎಡ, ಬಲ ಅಂತ ಲೆಕ್ಕವಿಟ್ಟುಕೊಂಡ ಹಲಗೆ. ಮತ್ತೆ ಆ ಬಣ್ಣದ ಆಟ. ಇಷ್ಟೂ ಅವಳ ಮುಂದೆಯೇ ನಡೆದಿತ್ತು. ಸಂಜೆ, ಮಾವ ಒಬ್ಬರೇ ಇದ್ದಾಗ, ಡಾಕ್ಟರ ಹತ್ತಿರ ಹೋಗೋಣ ಮಾಮಾ ಎಂದು ಮೆಲ್ಲಗೆ ಹೇಳೋಣ ಅಂದುಕೊಂಡಿದ್ದಳು. ಎಲ್ಲರೆದುರು ಅದನ್ನು ಎತ್ತುವ ಮನಸ್ಸಿರಲಿಲ್ಲ.

“ಅದು... ಶೆಡ್ಡಲ್ಲಿ ಬೆಳಕು ಕಮ್ಮಿ ಕಣ್ರೀ,” ಎಂದಳು.

ಶೆಡ್ಡಿನ ತುಂಬ ಬಿಸಿಲಿತ್ತು.

ತಿರುಮೂರ್ತಿ ಮಷಿನ್ನಿನ ಮೇಲೆ ಬಾಡಿದ ಹಾರವನ್ನು ಸರಿಮಾಡುವವರಂತೆ ತಡವುತ್ತಿದ್ದರು. ಕಯಲ್ ಅಮ್ಮನ ಸೆರಗು ಬಿಟ್ಟು ಮುಂದೆ ಹೋದಳು. ತಾತನ ಕೈಯನ್ನು ಹಿಡಿದು, ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು.

“ತಾತಾ, ಬಣ್ಣ ಹೇಳೋದು ಆಟ ಅಲ್ಲ, ಅಲ್ವಾ? ನಿಂಗೆ ಕಣ್ಣು ಕಾಣಿಸ್ತಿಲ್ವಾ ತಾತಾ?”